ಸಮತಕ್ಕ ಕೆಲಸ ಬಿಟ್ಟದ್ದು

ರಟ್ಟೀಹಳ್ಳಿಯ ನೀಲಪ್ಪ ಮಗಳು ಹುಟ್ಟಿದಾಗ ಬಹಳ ಯೋಚಿಸಿ ಸಮತಾ ಎಂದು ಹೆಸರಿಟ್ಟಿದ್ದ. ಆ ಹೆಸರನ್ನು ಮಗಳು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆಂದು ಅವನೂ ಎಣಿಸಿರಲಿಲ್ಲ. ಓದು ಮುಗಿಸಿದವಳೇ ಒಂದು ಸಣ್ಣ ಸಂಸ್ಥೆ ಸೇರಿ, ಹತ್ತಿ ಬೀಜ ತಯಾರಿಸುವ ಹೊಲಗಳಿಗೆ, ಅಲ್ಲಿಯವರ ಮಾತಿನಲ್ಲಿ ಪ್ಲಾಟುಗಳಿಗೆ, ಕೂಲಿ ಹೋಗುವ ಹುಡುಗಿಯರನ್ನು ಮತ್ತೆ ಶಾಲೆಗೆ ಸೇರಿಸುವ ಕೆಲಸ ಹಿಡಿದಳು. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸಲು ಸಣ್ಣ ಬೆರಳುಗಳೇ ಚಲೋ ಎಂದು ಹೊಲದವರು ಹುಡುಗಿಯರನ್ನೇ ಕರೆಯುತ್ತಿದ್ದರು.

ಚಿಕ್ಕೇರೂರಿನ ಹುಚ್ಚವ್ವನ ಮನೆಗೆ ಸಮತಾ ಒಂಬತ್ತು ಸಲ ಹೋಗಿದ್ದಳು. ಹುಚ್ಚವ್ವ ಬೈದಳು, ಬಾಗಿಲು ಹಾಕಿಕೊಂಡಳು, ಕಡೆಗೆ ಸಾಕಾಗಿ ಮಗಳು ರಾಜಶ್ರೀಯನ್ನು ಕಳಿಸಿಕೊಟ್ಟಳು. ಆ ವರ್ಷ ಅದೇ ಊರಿನಿಂದ ಹನ್ನೊಂದು ಹುಡುಗಿಯರು ಶಾಲೆಗೆ ಬಂದರು. ಅವತ್ತು ಸಮತಾ ಸ್ಕೂಟಿ ಮೇಲೆ ಹಾಡಿಕೊಳ್ಳುತ್ತ ಊರಿಗೆ ಬಂದಿದ್ದಳು.

ಆಮೇಲೆ ಒಬ್ಬೊಬ್ಬರೇ ಜಾರಿದರು. ಒಬ್ಬಳನ್ನು ಹದಿನೈದಕ್ಕೇ ಮದುವೆ ಮಾಡಿ ಕಳಿಸಿದರು. ಇಬ್ಬರು ಮತ್ತೆ ಪ್ಲಾಟಿಗೆ ಹೋದರು. ಒಬ್ಬಳ ಮನೆಯವರು ದುಡಿಯಲು ಗೋವೆಗೆ ಹೋದವರು ತಿರುಗಿ ಬರಲೇ ಇಲ್ಲ. ಓದುತ್ತಿರುವ ಹುಡುಗಿಯರು ಸಮತಾಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಬಿಟ್ಟುಹೋದವರು ಮಾತ್ರ ಎದ್ದುಹೋಗುತ್ತಿರಲಿಲ್ಲ. ತಾನು ಇನ್ನೊಂದು ಸಲ ಹೋಗಿದ್ದರೆ, ಇನ್ನೊಂದು ಮಾತು ಆಡಿದ್ದರೆ ಎಂದು ಉಣ್ಣುವಾಗಲೂ ಅದೇ ಗುಂಗು. ಮನೆಯಲ್ಲಿ ನಕ್ಕರೆ ಏನೋ ತಪ್ಪು ಮಾಡಿದಂತೆನಿಸುತ್ತಿತ್ತು. ನೀಲಪ್ಪ ತೀರಿಕೊಂಡ ಮೂರನೇ ದಿನಕ್ಕೇ ಅವಳು ಕೆಲಸಕ್ಕೆಂದು ಸ್ಕೂಟಿ ಹತ್ತಿದ್ದಳು.

ಹೋದ ಮೇ ತಿಂಗಳು, ಮಧ್ಯಾಹ್ನ, ರಾಜಶ್ರೀ ಪೇಢೆ ತಗೊಂಡು ಬಸ್ಸಿಳಿದು ಸಮತಾಳ ಮನೆಗೆ ಓಡಿಬಂದಳು.

"ಅಕ್ಕಾ, ಪಿಯುಸಿ ಪಾಸಾದ್ನಿ! ನರ್ಸಿಂಗ್ ಓದಾಕ ಹುಬ್ಬಳ್ಳಿಗೆ ಹೋಗ್ತೇನಿ. ಅವ್ವಗ ಹೇಳಿದ್ದ ತಡ, ಸೀದಾ ನಿಮ್ಮ ಕಡೆ ಬಂದೇನಿ ನೋಡ್ರಿ!"

ಅವತ್ತು ಬೆಳಿಗ್ಗೆ ತಾನೇ ಸಮತಾ ಮತ್ತೊಬ್ಬಳ ಮದುವೆ ತಡೆಯಲು ಹೋಗಿ ಸೋತು ಬಂದಿದ್ದಳು. ಪೇಢೆಯ ಕಡೆ ನೋಡಿದಳು. ಒಳಗೆ ಏನೂ ಮಿಸುಕಲಿಲ್ಲ.

"ನಿನ್ನ ಹಿಡಿದು ಹನ್ನೊಂದು ಮಂದಿ ಇದ್ರಲ್ಲ, ಉಳಿದೋರು ಎಲ್ಲದಾರ?" ಎಂದಳು. "ಅವರನ್ನ ಬಿಟ್ಟು ನೀ ಒಬ್ಬಾಕಿ ಪಾಸಾದ್ರ ಏನಾತು?"

ಹುಡುಗಿಯ ಮುಖ ಬಾಡಿತು. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಒಳಗಿನಿಂದ ತಾಯಿ ಗುತ್ತೆವ್ವ ಹೊರಬಂದಳು. "ಆ ಕೂಸು ನಿನಗೇನ್ ಮಾಡಿತ್ತ? ಎಲ್ಲಾರ ಮಕ್ಕಳ ಸಲುವಾಗಿ ಸಾಯ್ತಿ, ಬಾಗಲಕ ಬಂದ ಮಗಳನ್ನ ನೋಡವಲ್ಲಿ."

ತನಗೆ ಹಿಂಗ್ಯಾಕಾಯಿತು ಎಂದು ಸಮತಾಳಿಗೇ ಹೆದರಿಕೆ ಹುಟ್ಟಿತ್ತು. ಮರುದಿನ ಹಿರೇಕೆರೂರಿಗೆ ಹೋಗಿ ತೋರಿಸಿಕೊಂಡಳು. ಡಾಕ್ಟರು ರಕ್ತ ತಪಾಸಣೆ ಮಾಡಿ, ರೋಗವೇನೂ ಇಲ್ಲ, ಕೆಲವು ತಿಂಗಳು ಕೆಲಸ ಬಿಡ್ರಿ ಎಂದರು.

ನಾಲ್ಕು ದಿನ ಬಿಟ್ಟು ಅವಳು ಚಿಕ್ಕೇರೂರಿಗೆ ಹೋದಳು. ರಾಜಶ್ರೀ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ಸಮತಾ ಅವಳ ಕೈ ಹಿಡಿದಳು.

"ತಪ್ಪಾತವಾ. ಅವತ್ತ ನಾ ಹಂಗ ಅನಬಾರದಿತ್ತು."

"ಇರ್ಲಿ ಬಿಡ್ರಿ ಮೇಡಮ್, ನನಗೇನ್ ಬ್ಯಾಸರಿಲ್ಲ," ಎಂದಳು ರಾಜಶ್ರೀ. ಚಹಾ ಮಾಡಿಕೊಟ್ಟಳು, ಚಂದಾಗಿ ಮಾತಾಡಿಸಿದಳು. ಆದರೆ ಅಷ್ಟು ವರ್ಷ ಅಕ್ಕಾ ಎಂದ ಬಾಯಿ ಇವತ್ತು ಮೇಡಮ್ ಎಂದದ್ದನ್ನು ಸಮತಾ ಕೇಳಿಸಿಕೊಂಡಳು. ದಾರಿಯಲ್ಲಿ ಗಾಡಿ ನಿಲ್ಲಿಸಿ, ಬೇವಿನ ಗಿಡದ ಬುಡದಲ್ಲಿ ಕುಂತು ಸಾಕಾಗುವ ತನಕ ಅತ್ತಳು. ಈ ಕೆಲಸ ಹಿಡಿದ ಹದಿನಾಲ್ಕು ವರ್ಷದಲ್ಲಿ ತನ್ನ ಸಲುವಾಗಿ ಅತ್ತದ್ದು ಅದೇ ಮೊದಲು.

ಮರುವಾರ ಸಂಸ್ಥೆಗೆ ರಾಜೀನಾಮೆ ಬರೆದುಕೊಟ್ಟಳು. ಈಗ ಮನೆಯಲ್ಲಿದ್ದಾಳೆ. ತಾಯಿಯ ಜೊತೆ ರೊಟ್ಟಿ ಬಡಿಯುತ್ತಾಳೆ, ಮಧ್ಯಾಹ್ನ ಮಲಗುತ್ತಾಳೆ. ಹಗುರಾಯಿತೇ ಎಂದು ಗುತ್ತೆವ್ವ ಕೇಳಿದರೆ ಹೂಂ ಎನ್ನುತ್ತಾಳೆ.

ಕಳೆದ ಸೋಮವಾರ ಹಳೆಯ ಪರಿಚಯದ ಶಾಲೆಯ ಮಾಸ್ತರರು ಫೋನ್ ಮಾಡಿದರು. "ಏಳನೇ ಕ್ಲಾಸಿನ ಹುಡುಗಿ ಒಬ್ಬಾಕಿ ವಾರದಿಂದ ಬರವಲ್ಲಳ್ರಿ. ಪ್ಲಾಟಿಗೆ ಹೊಂಟಾಳಂತ."

"ನಾ ಕೆಲಸ ಬಿಟ್ಟೇನ್ರಿ ಸರ," ಎಂದು ಸಮತಾ ಫೋನ್ ಇಟ್ಟಳು. ಹುಡುಗಿಯ ಹೆಸರು ಕೇಳಲಿಲ್ಲ. ಕೇಳಿದ್ದರೆ ಸ್ಕೂಟಿ ಹತ್ತಿಬಿಡುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು. ಅಲ್ಲೇ ಗೋಡೆಗೆ ಒರಗಿ ಕುಂತಳು. ಗುತ್ತೆವ್ವ ಊಟಕ್ಕೆ ಎರಡು ಸಲ ಕರೆದಳು, ಅವಳು ಏಳಲಿಲ್ಲ.