ಹಾಲ್ಕುರಿಕೆ ಲಾರಿಯ ಇಂಜಿನ್ನು ಮತ್ತು ಈರಜ್ಜನ ಹಗ್ಗ

ಹಂಡೆ ಒಲೆಗೆ ಒಣ ಸೋಗೆ ತುರುಕಿ ನೀರು ಕಾಯಿಸಿದೆ. ಅಂಗಳ ಗುಡಿಸಿ ರಂಗೋಲಿ ಎಳೆದೆ. ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದೆ. ಷೆಡ್ಡಿನ ಬೀಗ ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚಿದೆ. ಹಿಂದಿನ ಸಂಜೆ ಡೀಸೆಲ್ಲಿನಲ್ಲಿ ನೆನೆಯಲು ಬಿಟ್ಟಿದ್ದ ಆರು ಪಿಸ್ಟನ್ನುಗಳನ್ನು ಬ್ರಷ್ಷಿನಿಂದ ಉಜ್ಜಿ, ಒರೆಸಿ, ಗೋಣಿತಾಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿದೆ. ತಲೆ ಎತ್ತಿದರೆ ಲಾರಿಯ ಮಾಲೀಕ ಶಿವಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

ಇದು ಮೂರು ವರ್ಷದ ಹಿಂದಿನ ಮಾತು. ಶಿವರಾತ್ರಿಗೆ ಮುಂಚಿನ ವಾರ. ತಿಪಟೂರಿನಲ್ಲಿ ನಾನೂ ನಮ್ಮ ಯಜಮಾನರೂ ಸೇರಿ ಡೀಸೆಲ್ ಇಂಜಿನ್ ರಿಪೇರಿ ಷೆಡ್ಡು ನಡೆಸುತ್ತೇವೆ. ಬಿಚ್ಚುವುದು, ಎತ್ತುವುದು, ಬಿಗಿಯುವುದು ಅವರದು. ಅಳತೆ ತೆಗೆಯುವುದು ನನ್ನದು. ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಮದುವೆಯಾಗಿ ಬಂದವಳು ನಾನು. ಅವರಿಗೆ ತಾಳ್ಮೆ ಕಡಿಮೆ, ನನ್ನ ಕೈ ನಡುಗುವುದಿಲ್ಲ ಎಂದು ಮೊದಲ ವರ್ಷವೇ ಕೆಲಸ ಹಂಚಿಕೊಂಡೆವು. ಇಂಜಿನ್ನು ರಿಪೇರಿಯಾಗಬೇಕೋ ಬದಲಾಗಬೇಕೋ ಎಂದು ಕೊನೆಗೆ ಹೇಳುವ ಮಾತು ಹೀಗೆ ನನ್ನ ಪಾಲಿಗೆ ಬಂತು.

ಶಿವಣ್ಣ ಹಾಲ್ಕುರಿಕೆಯವನು. ತೋಟ ತೋಟ ತಿರುಗಿ ತೆಂಗಿನಕಾಯಿ ಸಿಪ್ಪೆ ತುಂಬಿ ನಾರಿನ ಫ್ಯಾಕ್ಟರಿಗೆ ಹೊಡೆಯುವುದು ಅವನ ಕಸುಬು. ಲಾರಿ ಹಳೆಯದು. ಆರು ಸಿಲಿಂಡರಿನ ಆ ಇಂಜಿನ್ನಿಗೆ ಎರಡು ವರ್ಷದ ಕೆಳಗೆ ನಾವೇ ಲೈನರ್ ಹಾಕಿದ್ದೆವು. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ. ಸವೆದರೆ ಇಂಜಿನ್ನಿನ ಎರಕದ ಮೈಯಾದ ಬ್ಲಾಕಿನಿಂದ ಹೊರತೆಗೆದು ಹೊಸದು ಕೂರಿಸಬಹುದು. ಹಾಗೆ ಮಾಡಿದ ಇಂಜಿನ್ನು ಇಷ್ಟು ಬೇಗ ಮತ್ತೆ ಹೊಗೆ ಕಾರತೊಡಗಿತ್ತು. ಆಯಿಲ್ ಕುಡಿಯುತ್ತಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಯಾರೋ ಕೂತು ಬೀಡಿ ಸೇದುತ್ತಿರುವಂತೆ ಗುಪ್ಪು ಗುಪ್ಪೆಂದು ಹೊಗೆ. ಕಂಚಾಘಟ್ಟದ ಹತ್ತಿರ ಸಿಪ್ಪೆ ತುಂಬಿದ ಲಾರಿ ಏರು ಹತ್ತಲಾರದೆ ನಿಂತು, ಟ್ರಾಕ್ಟರಿಗೆ ಕಟ್ಟಿ ಎಳೆದು ತಂದಿದ್ದರು.

"ಒಳಗೆ ಬಾ ಶಿವಣ್ಣ, ರೊಟ್ಟಿ ತಿನ್ನು" ಅಂದೆ.

"ರೊಟ್ಟಿ ಇರ್ಲಿ ಕಣಕ್ಕ. ಬ್ರೋಕರ್ ರಾತ್ರಿಯಿಂದ ಫೋನ್ ಮಾಡ್ತಾವ್ನೆ. ತುಮಕೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಇಂಜಿನ್ ಐತಂತೆ, ಇವತ್ತು ಮದ್ಯಾನ್ನದೊಳಗೆ ಹೇಳ್ದಿದ್ರೆ ಬೇರೆಯೋರಿಗೆ ಕೊಡ್ತೀನಿ ಅಂತಾವ್ನೆ. ಏನ್ ಹೇಳ್ಲಿ?"

ಅವನ ಅವಸರಕ್ಕೆ ಕಾರಣವಿತ್ತು. ಬರುವ ಸೋಮವಾರದಿಂದ ಫ್ಯಾಕ್ಟರಿಗೆ ದಿನವೂ ಸಿಪ್ಪೆ ಬೇಕು. ಶಿವಣ್ಣನ ಲಾರಿ ಬರದಿದ್ದರೆ ಆ ಓಡಾಟ ಪೂರ್ತಿ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಅಲ್ಲಿನ ಮೇಸ್ತ್ರಿ ಖಡಾಖಂಡಿತ ಹೇಳಿದ್ದ. ಒಮ್ಮೆ ಹೋದರೆ ವರ್ಷಕ್ಕೇ ಹೋದ ಹಾಗೆ. ಆ ಲಾರಿಯೊಂದೇ ಶಿವಣ್ಣನ ಜೀವನ. ಅದನ್ನೇ ನಂಬಿದ ನಾಲ್ಕು ಜನ ಲೋಡಿನವರೂ ಇದ್ದರು.

ನಮ್ಮ ಯಜಮಾನರು ಕೈ ಒರೆಸಿಕೊಳ್ಳುತ್ತಾ ಬಂದರು. ಅವರ ಮನಸ್ಸೂ ಬದಲಾಯಿಸುವ ಕಡೆಗೇ ಇತ್ತು. "ಬುಡೇ, ಬೇರೆ ಇಂಜಿನ್ ಕೂರಿಸ್ಬುಡಾನ. ಎರಡು ವರ್ಷಕ್ಕೆ ಎರಡು ಸಲ ಬಿಚ್ಚಿಸಿಕೊಂಡ ಇಂಜಿನ್ನು, ಮೂರನೇ ಸಲ ನಮ್ ಮರ್ಯಾದೆ ಬಿಚ್ಚಿಸ್ತದೆ."

"ಸಂಜೆವರೆಗೂ ಬೇಡ, ಮಧ್ಯಾಹ್ನದವರೆಗೆ ಟೈಮ್ ಕೊಡ್ರಿ" ಅಂದೆ. "ಅಳತೆ ತೆಗೆಯದೆ ನಾನು ಎರಡರಲ್ಲಿ ಒಂದೂ ಹೇಳಲ್ಲ."

ಮರದ ಬೆಂಚಿನ ಮೇಲೆ ಕೂತು ಶುರು ಮಾಡಿದೆ. ಮೊದಲು ಲೈನರುಗಳು. ಬೋರ್ ಗೇಜ್ ಎಂಬ ಮುಳ್ಳಿನ ಗಡಿಯಾರದಂಥ ಸಾಧನವನ್ನು ಒಳಗಿಳಿಸಿ ಮೇಲೆ, ನಡುವೆ, ಕೆಳಗೆ ಹಿಡಿದು ನೋಡಿದೆ. ಮೇಲ್ಭಾಗ ಆರರಲ್ಲೂ ವಿಪರೀತ ಸವೆದಿತ್ತು. ಪಿಸ್ಟನ್ನಿಗೆ ತೊಡಿಸಿದ್ದ ಮೇಲಿನ ರಿಂಗುಗಳನ್ನು ಕೈಗೆ ತೆಗೆದುಕೊಂಡರೆ ಅಂಚು ಬ್ಲೇಡಿನಂತೆ ಚುಚ್ಚಿತು. ಇಷ್ಟು ನೋಡಿದವರು ಯಾರಾದರೂ ಇಂಜಿನ್ ಮುಗಿಯಿತು ಎನ್ನುತ್ತಿದ್ದರು. ಆದರೆ ಕೆಳಗಿನ ಆಯಿಲ್ ರಿಂಗುಗಳಲ್ಲಿ ಇನ್ನೂ ಸತ್ವವಿತ್ತು. ಬೇರಿಂಗುಗಳನ್ನು ಬೆಳಕಿಗೆ ಹಿಡಿದೆ: ಬೂದು ಬಣ್ಣ, ನಯ, ಒಂದು ಗೀರೂ ಇಲ್ಲ. ಆ ಬೇರಿಂಗುಗಳ ಮೇಲೆ ಇಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಹಿಂದಿನ ಸಲ ಹತ್ತು ಥೌ ಗ್ರೈಂಡ್ ಮಾಡಿಸಿದ್ದೆವು, ಅಂದರೆ ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹತ್ತು ಪಾಲು. ಆವತ್ತಿನ ಅಳತೆಯಲ್ಲೇ ಅದು ಕೂತಿತ್ತು.

ಗೇಜನ್ನು ಕೆಳಗಿಟ್ಟು, ಮೇಲಿನ ರಿಂಗನ್ನೂ ಬೇರಿಂಗನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ವಯಸ್ಸು ಪಕ್ಷಪಾತ ಮಾಡುವುದಿಲ್ಲ. ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ತಿನ್ನುತ್ತದೆ. ಆಯಿಲ್ ಕೊಳಕಾಗಿದ್ದರೆ ಮೊದಲು ಬೇರಿಂಗ್ ಹೋಗುತ್ತದೆ. ಮೇಲಷ್ಟೇ ತಿಂದುಹೋಗಿ ಕೆಳಗೆ ಚೆನ್ನಾಗಿದೆ ಅಂದರೆ ಮಣ್ಣು ಗಾಳಿಯ ಜೊತೆ ಬಂದಿದೆ.

"ಶಿವಣ್ಣ, ಏರ್ ಫಿಲ್ಟರ್ ಕ್ಲೀನ್ ಮಾಡ್ತಿದ್ದೆಯೇನಪ್ಪ?"

ಅವನಿಗೆ ಕೋಪವೇ ಬಂತು. "ವಾರ ವಾರ ಕಣಕ್ಕ! ನನ್ ಮಕ್ಕಳ ತಲೆ ಅಷ್ಟು ಬಾಚಿಲ್ಲ, ಅದನ್ನ ಅಷ್ಟು ಕೊಡವಿದೀನಿ. ಬೇಕಾದ್ರೆ ಹೋಗಿ ನೋಡಿ."

ಹೋಗಿ ನೋಡಿದೆ. ಹೊರಗೆ ಬೇವಿನ ಮರದಡಿ ಲಾರಿ ಬಾಯಿ ತೆರೆದುಕೊಂಡು ನಿಂತಿತ್ತು. ಅವನು ಹೇಳಿದ್ದು ನಿಜ, ಫಿಲ್ಟರ್ ಹೊಸದರಂತಿತ್ತು. ಹಾಗಾದರೆ ಮಣ್ಣು ಎಲ್ಲಿಂದ? ಫಿಲ್ಟರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಇನ್ನೂ ಲಾರಿಯಲ್ಲೇ ನೇತಾಡುತ್ತಿತ್ತು. ಅದರ ನಡುವಿಗೆ ಒಂದು ಗೇಣಿನಷ್ಟು ಉದ್ದಕ್ಕೆ ನಾರಿನ ಹಗ್ಗ ಸುತ್ತಿತ್ತು. ಎಂಥ ಸುತ್ತು ಅಂತೀರಿ! ಎಳೆಗೆ ಎಳೆ ತಾಗಿಸಿ, ಕೊನೆಯ ಗಂಟು ಕಾಣದಂತೆ ಒಳಗೆ ಸೇರಿಸಿದ ಸೊಗಸಾದ ಕೆಲಸ. ನಮ್ಮ ಸೀಮೆಯಲ್ಲಿ ಮುರಿದದ್ದಕ್ಕೆಲ್ಲ ನಾರಿನ ಹಗ್ಗವೇ ಔಷಧಿ. ಬೇಲಿಗೆ, ಏಣಿಗೆ, ಮಂಚದ ಕಾಲಿಗೆ, ಬೈಕಿನ ಸೈಲೆನ್ಸರಿಗೆ ಕೂಡ.

ಆ ಹಗ್ಗದಾಚೆ, ಇಂಜಿನ್ನಿನ ಕಡೆಯ ತುದಿಯೊಳಗೆ ಬೆರಳು ಹಾಕಿ ಸವರಿದೆ. ಫಿಲ್ಟರ್ ದಾಟಿದ ಮೇಲೆ ಗಾಳಿ ಸ್ವಚ್ಛವಿರಬೇಕು. ಬೆರಳು ಹಾಗೇ ಹೊರಗೆ ಬರಬೇಕು. ನನ್ನ ಬೆರಳು ಕೆಂಪಗೆ ಬಂತು. ಹೆಬ್ಬೆರಳಿಗೆ ತಿಕ್ಕಿದರೆ ಚರಚರ ಅಂದಿತು. ಸಿಪ್ಪೆಯ ಹೊಟ್ಟು ಮೆತ್ತಗೆ, ಅದರ ಜೊತೆ ಏಳುವ ತೋಟದ ಮಣ್ಣು ಮೆತ್ತಗಲ್ಲ.

ಹೋಸ್ ಬಿಚ್ಚಿ ಒಳಗೆ ತಂದೆ. ಯಜಮಾನರಿಗೆ ಒಂದು ತುದಿಯನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿದೆ. ಹಗ್ಗದ ಸಂದಿಯಿಂದ ಕೆಂಪು ಧೂಳು ಬುಸ್ಸೆಂದು ಎದ್ದು ಅವರ ಮೀಸೆಯ ಮೇಲೆ ಕೂತಿತು.

"ನನ್ ಮುಖಕ್ಕೇ ಬೇಕಿತ್ತೇನೇ?" ಅಂದರು. ಆಮೇಲೆ ಹೋಸನ್ನು ತಿರುಗಿಸಿ ನೋಡಿದರು. "ಅಲ್ಲ ಕಣೇ, ಹೊಸ ಇಂಜಿನ್ ಕೂರಿಸಿ ಇದೇ ಹೋಸ್ ಸಿಕ್ಕಿಸಿದ್ರೆ…"

"ಅದೂ ಇದೇ ಮಣ್ಣು ತಿನ್ನೋದು" ಅಂದೆ.

ಅಷ್ಟರಲ್ಲಿ ಶಿವಣ್ಣನ ತಂದೆ ಈರಜ್ಜ ಬಸ್ಸಿಳಿದು ಬಂದಿದ್ದರು. ಹೋಸ್ ನಮ್ಮ ಕೈಯಲ್ಲಿರುವುದನ್ನು ಕಂಡು ಅವರ ಮುಖ ಬಿಗಿಯಿತು. "ಯಾಕವ್ವ ಬಿಚ್ಚಿದ್ರಿ ಅದನ್ನ? ನಾನೇ ಹೊಸೆದ ಹಗ್ಗ. ನೀರಲ್ಲಿ ನೆನೆಸಿ ಬಿಗಿದು ಸುತ್ತಿದೀನಿ. ಕ್ವಾಣ ಕಟ್ಟಿದ್ರೂ ಕಿತ್ಕಳಾಕಿಲ್ಲ."

ಹಿರಿಯರಿಗೆ ತಪ್ಪು ನಿಮ್ಮದು ಎಂದು ಹೇಳುವುದು ನನಗೂ ಸುಲಭವಲ್ಲ. ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಸುತ್ತನ್ನು ಅವರ ಬೆರಳಿಂದಲೇ ಸರಿಸಲು ಹೇಳಿದೆ. ಒದ್ದೆಯಿದ್ದಾಗ ಬಿಗಿಯಿದ್ದ ಹಗ್ಗ ಇಂಜಿನ್ನಿನ ಶಾಖಕ್ಕೆ ಒಣಗಿ ಒಳಗೊಳಗೇ ಸಡಿಲಾಗಿತ್ತು. ಕೆಳಗಿನ ರಬ್ಬರಿನಲ್ಲಿ ಬಿರುಕು ತುಟಿಯಂತೆ ತೆರೆದಿತ್ತು.

"ನಿಮ್ಮ ಹಗ್ಗ ಗಟ್ಟಿ ಅಜ್ಜ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಲ್ಲಿ ಕಟ್ಟಬೇಕಾದದ್ದು ಕೋಣನಲ್ಲ, ಗಾಳಿ. ಗಾಳಿ ಬಲು ತೆಳ್ಳಗೆ."

ಈರಜ್ಜ ಬಿರುಕನ್ನು ಒತ್ತಿ ನೋಡಿದರು, ಬಿಟ್ಟರು, ಮತ್ತೆ ಒತ್ತಿದರು. "ಮೂಗು ತೊಳ್ಕಂಡು ಬಾಯಿ ತೆಕ್ಕೊಂಡು ಮಲಗ್ದಂಗಾಯ್ತಲ್ಲಾ ಶಿವ" ಅಂದರು. ನಾನು ಎಷ್ಟು ಹೊತ್ತು ವಿವರಿಸಿದ್ದರೂ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಕಾರಣ ಸಿಕ್ಕಿತು, ತೀರ್ಮಾನ ಇನ್ನೂ ಬಾಕಿಯಿತ್ತು. ಬ್ಲಾಕಿನಲ್ಲಿ ಬಿರುಕಿದ್ದರೆ ಲೈನರ್ ಹಾಕಿಯೂ ಪ್ರಯೋಜನವಿಲ್ಲ, ಬ್ರೋಕರಿನ ಇಂಜಿನ್ನೇ ಗತಿ. ಹಾಗಾದರೆ ಇಂಜಿನ್ ನಂಬರು ಬದಲಾಗಿ, ಆರ್‌ಸಿಯಲ್ಲಿ ತಿದ್ದಿಸಲು ಆರ್‌ಟಿಓ ಕಚೇರಿಗೂ ಅಲೆಯಬೇಕು. ಬ್ಲಾಕನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ನಾನು, ಯಜಮಾನರು, ಶಿವಣ್ಣ ಬಾಷಾ ಅವರ ಲೇತ್ ಷಾಪಿಗೆ ಹೋದೆವು. ಬ್ಲಾಕಿನ ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಒಳಗೆ ಒತ್ತಡದಲ್ಲಿ ನೀರು ತುಂಬಿ, ಮೀಟರಿನ ಸೂಜಿ ಇಳಿಯುತ್ತದೋ ನೋಡುವ ಪರೀಕ್ಷೆ ಅದು. ಸೂಜಿ ಇಳಿದರೆ ಎಲ್ಲೋ ಬಿರುಕಿದೆ ಅಂತ ಅರ್ಥ.

ಬಾಷಾ ಪಂಪು ಒತ್ತಿ ಕೈ ತೆಗೆದರು. ನಾವು ಮೂವರೂ ಸೂಜಿ ನೋಡುತ್ತಾ ನಿಂತೆವು. ಆಗಲೇ ಶಿವಣ್ಣನ ಫೋನು ಬಡಿದುಕೊಂಡಿತು. ಬ್ರೋಕರ್. ಸ್ಪೀಕರಿನಲ್ಲಿ ಅವನ ದನಿ ಷಾಪಿಗೆಲ್ಲ ಕೇಳಿಸಿತು. "ಏನ್ ಶಿವಣ್ಣೋರೇ, ಎರಡು ವರ್ಷ ಬಾಳದ ರಿಪೇರಿನ ಮತ್ತೆ ಅವ್ರ ಹತ್ರಾನೇ ಮಾಡಿಸ್ತೀರಾ? ಇಲ್ಲಿ ಇನ್ನೊಂದು ಪಾರ್ಟಿ ನಿಂತೈತೆ. ಹೂಂ ಅನ್ನಿ, ಇಲ್ಲ ಬುಡಿ."

ಆ ಮಾತು ನನಗೆ ನಾಟಿತು, ಸುಳ್ಳು ಹೇಳುವುದಿಲ್ಲ. ಆದರೂ ಕಣ್ಣನ್ನು ಸೂಜಿಯಿಂದ ತೆಗೆಯಲಿಲ್ಲ. ಶಿವಣ್ಣ ಫೋನನ್ನು ಎದೆಗೆ ಒತ್ತಿಕೊಂಡು, "ಅಕ್ಕ?" ಅಂದ. ಅವನ ಹಣೆಯಲ್ಲಿ ಬೆವರಿತ್ತು.

"ತಡಿ."

ಬಾಷಾ ಬ್ಲಾಕಿನ ಸುತ್ತ ಟಾರ್ಚು ಹಿಡಿದು, ಕೈಯಾಡಿಸಿ, ಒಣಗಿದ ಅಂಗೈ ತೋರಿಸಿದರು. "ಸೂಜಿ ನಿದ್ದೆ ಮಾಡ್ತೈತೆ ಅಕ್ಕಾವ್ರೇ. ಬ್ಲಾಕ್ ಏಕ್‌ದಂ ಪಕ್ಕಾ."

"ಬೇಡ ಅನ್ನು ಶಿವಣ್ಣ" ಅಂದೆ. "ಲೈನರ್, ಪಿಸ್ಟನ್, ರಿಂಗ್ ಹೊಸದು. ಕೆಳಗಿನದು ಮುಟ್ಟಲ್ಲ. ಹೋಸ್ ಹೊಸದು, ಎರಡು ತುದಿಗೂ ಕ್ಲಿಪ್ಪು. ಭಾನುವಾರ ಸ್ಟಾರ್ಟ್ ಮಾಡ್ತೀವಿ."

ಅವನು ಬೇಡ ಅಂದ. ಅಂದ ಮೇಲೆ ಇನ್ನು ಹಿಂದಿರುಗುವ ದಾರಿಯಿರಲಿಲ್ಲ, ಅವನಿಗೂ ನಮಗೂ.

ಭಾನುವಾರದವರೆಗೆ ನಡೆದದ್ದು ಷೆಡ್ಡಿನ ಮಾಮೂಲಿ ಕೆಲಸ. ಹೋಸ್ ತಿಪಟೂರಿನಲ್ಲಿ ಸಿಗಲಿಲ್ಲ. ಸಿಗದಿದ್ದುದಕ್ಕೇ ತಾನೇ ಅಜ್ಜ ಹಗ್ಗ ಸುತ್ತಿದ್ದು. ಶಿವಣ್ಣನೇ ತುಮಕೂರಿಗೆ ಹೋಗಿ ತಂದ. ಒಂದೊಂದು ರಿಂಗಿನ ಗ್ಯಾಪನ್ನೂ ನಾನು ಫೀಲರ್ ಗೇಜ್ ಎಂಬ ತೆಳು ಪಟ್ಟಿ ತೂರಿಸಿ ನೋಡಿಯೇ ಕೊಟ್ಟೆ, ಯಜಮಾನರು ಕೂರಿಸಿದರು. ಭಾನುವಾರ ಮೂರನೇ ಸಲ ಸೆಲ್ಫ್ ಹೊಡೆದಾಗ ಇಂಜಿನ್ನು ಹತ್ತಿಕೊಂಡಿತು. ಮೊದಲಿಗೆ ಒಂದಿಷ್ಟು ಬಿಳಿ ಹೊಗೆ, ಆಮೇಲೆ ಏನೂ ಇಲ್ಲ. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದೆ: ಬೀಡಿ ಸೇದುವವನು ಎದ್ದು ಹೋಗಿದ್ದ.

ಸೋಮವಾರ ಮೊದಲ ಲೋಡು. ಹೊಸ ರಿಂಗು ಕೂತುಕೊಳ್ಳುವವರೆಗೆ ಭಾರ ಎಳೆಸಬಾರದು, ಆ ವಿಷಯದಲ್ಲಿ ಸಿಪ್ಪೆಯಂಥ ಲೋಡಿಲ್ಲ; ನೋಡಲು ಬೆಟ್ಟ, ತೂಕ ಹಗುರ. ಆ ಬೆಟ್ಟವನ್ನು ಬಿಗಿದು ಕಟ್ಟಿದ್ದು ಈರಜ್ಜ ಹೊಸೆದ ಹಗ್ಗ. ಕಂಚಾಘಟ್ಟದ ಏರನ್ನು ಸೆಕೆಂಡ್ ಗೇರಿನಲ್ಲಿ, ನಿಲ್ಲದೆ, ಕಪ್ಪು ಹೊಗೆಯಿಲ್ಲದೆ ಹತ್ತಿತೆಂದು ಶಿವಣ್ಣ ಅಲ್ಲಿಂದಲೇ ಫೋನು ಮಾಡಿದ. ಮಾತು ಸರಿಯಾಗಿ ಕೇಳಲಿಲ್ಲ. ಇಂಜಿನ್ನಿನ ಸದ್ದು ಕೇಳಿತು, ನನಗೆ ಅಷ್ಟು ಸಾಕಿತ್ತು.

ಆ ಲಾರಿ ಇವತ್ತಿಗೂ ಅದೇ ಇಂಜಿನ್ನಿನಲ್ಲಿ ಓಡುತ್ತಿದೆ. ಬ್ರೋಕರಿನ ಇಂಜಿನ್ನನ್ನು ತುರುವೇಕೆರೆಯವರೊಬ್ಬರು ಕೊಂಡರು, ಅದೂ ಚೆನ್ನಾಗಿದೆಯಂತೆ. ಅದೇನು ಕೆಟ್ಟ ಇಂಜಿನ್ನಲ್ಲ, ಆ ಹೋಸಿಗೆ ಸಿಕ್ಕಿದ್ದರೆ ಕೆಡುತ್ತಿತ್ತು. ಅಂದಿನಿಂದ ಯಾರೇ ಬಂದು ರಿಪೇರಿಯೋ ಬದಲಾವಣೆಯೋ ಎಂದು ಕೇಳಿದರೂ, ಯಾಕೆ ಸವೆಯಿತು ಎಂದು ತಿಳಿಯದೆ ನಾನು ಉತ್ತರ ಕೊಡುವುದಿಲ್ಲ. ನಮ್ಮ ಯಜಮಾನರು ಈಗ ಬಂದವರಿಗೆ ಹೇಳುವ ಮೊದಲ ಮಾತು: "ಸ್ವಲ್ಪ ಕೂತ್ಕಳಿ, ಅವಳು ಅಳತೆ ನೋಡ್ಲಿ." ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೇ ಹಿಗ್ಗಾಗುತ್ತದೆ.

ಆ ಸೋಮವಾರ ಸಂಜೆ ಶಿವಣ್ಣ ಫ್ಯಾಕ್ಟರಿಯಿಂದ ನೇರ ಷೆಡ್ಡಿಗೆ ಬಂದ. ಹೋಸಿನ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿದು, ಎಲ್ಲರೂ ಊಟಕ್ಕೆ ಕೂತೆವು. ಮುದ್ದೆ, ಆ ವರ್ಷದ ಕೊನೆಯ ಅವರೆಕಾಯಿಯ ಹಿತಕಿದ ಬೇಳೆ ಸಾರು, ಅಜ್ಜ ಕಳಿಸಿದ್ದ ತೆಂಗಿನಕಾಯಿಯ ಚಟ್ನಿ, ಮಜ್ಜಿಗೆ. ಶಿವಣ್ಣ ಎರಡು ಮುದ್ದೆ ಉಂಡು, ಐದು ನಿಮಿಷ ಒರಗುತ್ತೀನಕ್ಕ ಎಂದು ಲಾರಿ ಹತ್ತಿದ. ಮಜ್ಜಿಗೆಯ ಲೋಟ ಹಿಡಿದು ಹೋಗಿ ನೋಡಿದರೆ ಸೀಟಿನ ಮೇಲೆ ಕಾಲು ಮಡಚಿಕೊಂಡು ಗೊರಕೆ ಹೊಡೆಯುತ್ತಿದ್ದ. ಆ ವಾರವೆಲ್ಲ ಅವನು ಕಣ್ಣು ಮುಚ್ಚಿರಲಿಲ್ಲ. ಎಲ್ಲರಿಗಿಂತ ಮೊದಲು ಮಲಗಿದವನು ಅವನೇ. ಎಬ್ಬಿಸದೆ ಲಾರಿಯ ಬಾಗಿಲು ಮೆಲ್ಲಗೆ ಒತ್ತಿ ಬಂದೆ.