ಮೇಜಿನ ಮೇಲೆ ತಿರುಪ್ಪೂರಿಗೆ

ಕಳೆದ ಭಾನುವಾರ ಅಟ್ಟ ಗುಡಿಸಲು ಹತ್ತಿದಾಗ ಒಂದು ಸೀರೆ ಪೆಟ್ಟಿಗೆ ಕೈಗೆ ಸಿಕ್ಕಿತು. ರಟ್ಟಿನದು. ನಮ್ಮ ಮನೆ ಮಗ್ಗದ ಸೀರೆಗಳು ಅಂಗಡಿಗೆ ಹೋಗುತ್ತಿದ್ದುದು ಇಂಥ ಪೆಟ್ಟಿಗೆಗಳಲ್ಲೇ. ಮುಚ್ಚಳ ತೆಗೆದರೆ ಸೀರೆಯಿಲ್ಲ, ಬೆಸುಗೆಯ ರಾಳದ ವಾಸನೆ. ನಿಮಗೆ ಆ ವಾಸನೆ ಗೊತ್ತಿಲ್ಲವೆಂದರೆ, ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಾಂಬ್ರಾಣಿ ಹಾಕಿದ್ದಾರೆ ಅಂದುಕೊಳ್ಳಿ, ಸುಮಾರಾಗಿ ಸರಿಹೋಗುತ್ತದೆ.

ಅದರೊಳಗಿದ್ದದ್ದು ನಾನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ ಮಾಡಿದ ಪ್ರಾಜೆಕ್ಟು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಓದಿದವಳು ನಾನೇ ಮೊದಲು. ಇದನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಮಾಡಿಕೊಂಡು ಹೇಳುತ್ತೇನೆ. ಪ್ರಾಜೆಕ್ಟಿನಲ್ಲಿ ಎರಡು ಭಾಗ. ಒಂದು, ವಂಡಿಯ (ಗಾಡಿಗೆ ನಮ್ಮ ಕಡೆ ವಂಡಿ ಅನ್ನುತ್ತೇವೆ) ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ವೇಗ, ಎಂಜಿನ್ ಸುತ್ತು, ಬಿಸಿ ಎಲ್ಲವನ್ನೂ ಸೆಕೆಂಡು ಸೆಕೆಂಡಿಗೆ ಬರೆದಿಡುವ ರೆಕಾರ್ಡರ್. ಆದರೆ ಪರೀಕ್ಷೆ ಮಾಡೋಣವೆಂದರೆ ನಮ್ಮ ಹತ್ತಿರ ಕಾರಿಲ್ಲ. ಅಪ್ಪ ನಮ್ಮೂರು ಪೋತ್ತನೂರಿನಿಂದ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ನೂಲಿನ ಲೋಡು ಹೊಡೆಯುತ್ತಿದ್ದ ವ್ಯಾನು ಹಳೇ ಕಾಲದ್ದು, ಅದರಲ್ಲಿ ಆ ಸಾಕೆಟ್ಟೇ ಇಲ್ಲ. ಅದಕ್ಕೇ ಎರಡನೇ ಭಾಗ: ವಂಡಿಯಿಲ್ಲದೆಯೇ ವಂಡಿ ಓಡುತ್ತಿದೆ ಎಂದು ರೆಕಾರ್ಡರನ್ನು ನಂಬಿಸುವ ಪೆಟ್ಟಿಗೆ. ವೇಗಕ್ಕೊಂದು ತಿರುಗುಗುಂಡಿ, ಎಂಜಿನ್ ಸುತ್ತಿಗೊಂದು, ಎಂಜಿನ್ ಶುರು ಮಾಡಲು ಒಂದು ಸ್ವಿಚ್ಚು.

ಅದನ್ನು ಕಟ್ಟುವಾಗ ಒಂದು ಸಂಜೆ ತಂತಿಗಳನ್ನು ಕತ್ತರಿಸಿ ಮೇಜಿನ ಮೇಲೆ ಬಿಟ್ಟು ಕಾಲೇಜಿನ ಗೆಳತಿಯ ಮನೆಗೆ ಹೋಗಿದ್ದೆ. ಬಂದು ನೋಡಿದರೆ ಅಮ್ಮ ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಹುಡುಕಿ ಎಲ್ಲವನ್ನೂ ಗಂಟು ಹಾಕಿಬಿಟ್ಟಿದ್ದಳು. ಮಗ್ಗದಲ್ಲಿ ಹಳೇ ಹಾಸುನೂಲಿನ ಕೊನೆಗೆ ಹೊಸ ಹಾಸಿನ ಎಳೆಗಳನ್ನು ಸಾವಿರಗಟ್ಟಲೆ ಗಂಟು ಹಾಕಿದ ಕೈ ಅದು. "ಹರಿದ ಎಳೆ ಹಂಗೇ ಬಿಟ್ಟು ಎದ್ದು ಹೋಗ್ತಾರೇನೇ? ಓದಿದವಳಂತೆ!" ಅಂತ ನನಗೇ ಬೈದಳು. ಎಲ್ಲವನ್ನೂ ಬಿಚ್ಚಿ ಬೆಸುಗೆ ಹಾಕಿದೆ. ಪೆಟ್ಟಿಗೆಯೊಳಗೆ ತಂತಿ ಹೋಗುವ ಕಡೆಯ ಗಂಟನ್ನು ಮಾತ್ರ ಬಿಟ್ಟೆ. ಬೆಸುಗೆ ಎರಡು ಸಲ ಬಿಟ್ಟಿದೆ, ಆ ಗಂಟು ಇನ್ನೂ ಬಿಟ್ಟಿಲ್ಲ.

ಪೆಟ್ಟಿಗೆ ಕೆಲಸ ಮಾಡಿತು. ಗುಂಡಿಗಳನ್ನು ಕಂಪ್ಯೂಟರೇ ತಿರುಗಿಸುವ ಹಾಗೆ ಒಂದು ಲೆಕ್ಕ ಬರೆದು, ರೆಕಾರ್ಡರ್ ಬರೆದಿಟ್ಟ ವೇಗ, ಸುತ್ತುಗಳ ಗೆರೆಗಳ ಚಿತ್ರ ತೆಗೆದು, ಮೇಷ್ಟ್ರಿಗೆ ಕೊಟ್ಟೆ. ಅವರು ಒಂದು ನಿಮಿಷ ನೋಡಿದರು. "ಇದು ಓಡಿಸಿದ್ದಲ್ಲಮ್ಮ, ಬರೆದದ್ದು. ಇಂಥ ನುಣುಪು ರಸ್ತೆ ಯಾವ ಊರಲ್ಲಿದೆ? ಹೀಗೇ ತಂದರೆ ಪರೀಕ್ಷಕರು ವಾಪಸ್ ಕಳಿಸ್ತಾರೆ."

ವಾಪಸ್ ಬರುವ ಹಾಗಿರಲಿಲ್ಲ. ಅಕ್ಕನ ಮದುವೆ ಪತ್ರಿಕೆ ಆಗಲೇ ಅಚ್ಚಾಗಿತ್ತು. ಮನೆಯವರ ಹೆಸರಿನ ಮುಂದೆ ಅವರ ಓದನ್ನೂ ಹಾಕಿಸುವುದು ನಮ್ಮ ಕಡೆ ವಾಡಿಕೆ. ಆವರೆಗೆ ನಮ್ಮ ಮನೆಯಲ್ಲಿ ಯಾರ ಹೆಸರಿನ ಮುಂದೆಯೂ ಏನೂ ಇರಲಿಲ್ಲ. ಅಮ್ಮನಿಗೆ ತಡೆಯಲಾಗಲಿಲ್ಲ, ಪರೀಕ್ಷೆಗೆ ಮೊದಲೇ ನನ್ನ ಹೆಸರಿನ ಮುಂದೆ ಬಿ.ಇ. ಹಾಕಿಸಿ, ಪತ್ರಿಕೆಗಳನ್ನು ನೆಂಟರಿಗೆಲ್ಲ ಹಂಚಿಯೂ ಆಗಿತ್ತು.

ಮರುದಿನ ಬೆಳಿಗ್ಗೆ ಅಳುತ್ತಾ ಕೂತಿದ್ದವಳ ಪಕ್ಕ ಅಪ್ಪ ಬಂದು ಕೂತರು. ಗೆರೆಗಳನ್ನು ನೋಡಿ, "ವಂಡಿ ಹಿಂಗೆಲ್ಲ ಓಡಲ್ಲ ಸಾಮಿ. ಈ ಗುಂಡಿ ತಿರುಗಿಸಿದ್ರೆ ವೇಗಾನಾ? ಇದು ಎಂಜಿನ್ನಾ? ಸರಿ, ಆ ಕಡೆ ಸರಿ" ಅಂದರು. ಮುದ್ದಿಗೆ ಅಪ್ಪ ನನ್ನನ್ನು ಸಾಮಿ, ಕಣ್ಣು ಅಂತಲೇ ಕರೆಯುವುದು.

ಅಪ್ಪ ಮೂರನೇ ಕ್ಲಾಸಿನವರೆಗೆ ಓದಿದವರು. ಒಂಬತ್ತಕ್ಕೆ ಪೋತ್ತನೂರಿನಲ್ಲಿ ವಂಡಿ ತೆಗೆದರು, ನಮ್ಮ ಊಟದ ಮೇಜಿನ ಮೇಲೆ. ಬಲಗೈ ಒಂದು ಗುಂಡಿಯಲ್ಲಿ, ಎಡಗೈ ಇನ್ನೊಂದರಲ್ಲಿ. ಇಲ್ಲದ ಕ್ಲಚ್ಚನ್ನು ಮೇಜಿನ ಕೆಳಗೆ ಎಡಗಾಲು ಒತ್ತುತ್ತಲೇ ಇತ್ತು. ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂತರು. ನಾನು ಬಾಯಿ ತೆರೆದರೆ, "ಗೂಡ್ಸು ಕಣ್ಣು, ಉದ್ದ ಇದೆ" ಅಂದರು.

"ತಿಂಡಿ ಆರ್ತಾ ಇದೆ, ಇಳೀತೀರಾ ಇಲ್ವಾ?" ಅಮ್ಮ ಅಡುಗೆಮನೆಯಿಂದ.

"ಸೂಲೂರು ದಾಟ್ತಾ ಇದೀನಿ, ಸುಮ್ನಿರು. ಪಲ್ಲಡಂನಲ್ಲಿ ನಿಲ್ಲಿಸ್ತೀನಿ, ಟೀ ತಗೊಂಡು ಬಾ."

ಅಮ್ಮ ಪಲ್ಲಡಂಗೆ ಟೀ ತಂದುಕೊಟ್ಟಳು, ನಗದೆ.

ಹತ್ತೂವರೆ ದಾಟಿದ ಮೇಲೆ ತಿರುಪ್ಪೂರು. ಚಿತ್ರ ತೆಗೆದೆ. ಅದರಲ್ಲಿ ದಿಣ್ಣೆ ಹತ್ತುವಾಗ ಎಂಜಿನ್ ಏದುಸಿರು ಬಿಡುವುದು ಕಾಣುತ್ತಿತ್ತು. ಖಾಲಿ ವಂಡಿಯಲ್ಲ, ಲೋಡಿರುವ ವಂಡಿ ಎಂಬುದೂ ಕಾಣುತ್ತಿತ್ತು. ನಾಲ್ಕು ವರ್ಷ ಓದಿದ ನನ್ನ ಲೆಕ್ಕಕ್ಕೆ ಬಾರದ್ದು ಅವರ ಎರಡು ಕೈಗಳಲ್ಲಿತ್ತು. ಪಲ್ಲಡಂ ಆಚೆ ಮಾತ್ರ ಒಂದು ಕಡೆ ವೇಗ ಇದ್ದಕ್ಕಿದ್ದ ಹಾಗೆ ಹತ್ತಕ್ಕಿಳಿದು ಮತ್ತೆ ಏರಿತ್ತು. ಗೇಟಿಲ್ಲ, ಬಸ್‌ಸ್ಟಾಪಿಲ್ಲ. ಗುಂಡಿಯ ದೋಷ ಅಂದುಕೊಂಡು, ನನ್ನ ಜಾಣತನವನ್ನೆಲ್ಲ ಉಪಯೋಗಿಸಿ ಅದನ್ನು ಅಳಿಸಿ ನೇರ ಮಾಡಿದೆ.

ಅಪ್ಪ ಬೆರಳಿಟ್ಟು ನೋಡಿದರು. "ನಾಯಿ ಎಲ್ಲಿ?"

"ಯಾವ ನಾಯಿ ಅಪ್ಪ?"

"ತಿರುವಿನಲ್ಲಿ ಒಂದು ಕುಂಟ ನಾಯಿ ಮಲಗಿರುತ್ತೆ. ಹಾರನ್ ಹೊಡೆದ್ರೂ ಏಳಲ್ಲ, ಮೆಲ್ಲಗೆ ಹತ್ತಿರ ಬಂದ್ರೆ ತಾನೇ ಎದ್ದು ಹೋಗುತ್ತೆ."

"ಮೇಜಿನ ಮೇಲೆ ನಾಯಿ ಎಲ್ಲಿಂದ ಬಂತಪ್ಪಾ!"

"ನಿಜ ಇರಬೇಕು ಅಂತ ನಿಮ್ಮ ಮೇಷ್ಟ್ರು ಹೇಳಿದ್ದಲ್ವಾ? ಅದರ ಮೇಲೆ ಹತ್ತಿಸಿಕೊಂಡು ಹೋಗ್ಲಾ?"

ಅಳಿಸಿದ್ದನ್ನು ವಾಪಸ್ ಹಾಕಿದೆ. ಪರೀಕ್ಷೆಯ ದಿನ ಪರೀಕ್ಷಕರ ಬೆರಳು ಬಂದು ನಿಂತದ್ದೂ ಅಲ್ಲೇ. "ಇಲ್ಲೇನಾಯ್ತು? ಯಾವ ವಂಡಿ ಇದು?" ತಮಿಳಿನಲ್ಲಿ ಕೇಳಿದರು. ಯಾವುದೋ ಒಂದು ವ್ಯಾನಿನ ಹೆಸರು ಬಾಯಿಯವರೆಗೆ ಬಂದಿತ್ತು. ಮದುವೆ ಪತ್ರಿಕೆ ಕಣ್ಣ ಮುಂದಿತ್ತು. ಆದರೆ ಇಲ್ಲದ ನಾಯಿಯ ಮೇಲೂ ಹತ್ತಿಸಿಕೊಂಡು ಹೋಗದ ಮನುಷ್ಯ ಓಡಿಸಿದ್ದರ ಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ವಂಡಿ ಇಲ್ಲ ಸಾರ್. ನಮ್ಮಪ್ಪ ಡ್ರೈವರು. ಊಟದ ಮೇಜಿನ ಮೇಲೆ ಓಡಿಸಿದ್ದು. ಅದು ನಾಯಿ" ಅಂದೆ.

ಅವರು ಕುರ್ಚಿ ಎಳೆದುಕೊಂಡು ಗುಂಡಿಗಳಿಗೆ ಕೈ ಹಾಕಿ ತಾವೇ ಓಡಿಸಿದರು. ಕಂಪ್ಯೂಟರಿನ ತೆರೆ ನೋಡಿ ನಕ್ಕರು. "ಎರಡನೇ ಗೇರಿಗೆ ಹೋಗೋದರೊಳಗೆ ನನ್ನ ವಂಡಿ ನಿಂತೇ ಹೋಯ್ತಲ್ಲಮ್ಮ. ನಿಮ್ಮಪ್ಪನಿಗೆ ಎಷ್ಟು ವರ್ಷದ ಸರ್ವಿಸು?" ಪತ್ರಿಕೆಯಲ್ಲಿದ್ದ ಎರಡಕ್ಷರ ನಿಜವಾಯಿತು.

ಈಗ ನಾನು ಪಕ್ಕದ ಕುರಿಚಿಯ ಒಂದು ಕಾರ್ಖಾನೆಯಲ್ಲಿ ವಂಡಿಗಳ ಇಂಥ ದಾಖಲೆಗಳನ್ನೇ ನೋಡುವ ಕೆಲಸದಲ್ಲಿದ್ದೇನೆ. ಅಪ್ಪ ವಂಡಿ ಓಡಿಸುವುದು ಬಿಟ್ಟು ಕೆಲವು ವರ್ಷವಾಯಿತು, ಸಕ್ಕರೆ ಕಾಯಿಲೆ ಕಣ್ಣಿಗಿಳಿದಿದೆ. ಭಾನುವಾರ ಪೆಟ್ಟಿಗೆಯನ್ನು ಮುಂದಿಟ್ಟಾಗ ವಾಸನೆಯಲ್ಲೇ ಗುರುತು ಹಿಡಿದರು. ಕೈಗಳು ತಾವಾಗಿ ಗುಂಡಿಗಳಿಗೆ ಹೋದವು.

ಈ ಸಲ ವೇಗ ಮೂವತ್ತು ದಾಟಲೇ ಇಲ್ಲ. "ಯಾಕಪ್ಪ ಇಷ್ಟು ಮೆಲ್ಲಗೆ?" ಅಂದೆ.

"ಕಣ್ಣು ಕಾಣಲ್ವಲ್ಲ ಸಾಮಿ. ಹೆಂಗೆ ಓಡಿಸ್ತೀನೋ ಹಂಗೇ ಬರೀಬೇಕಲ್ವಾ."

ನಾನು ಕುರ್ಚಿಯನ್ನು ಅವರ ಎಡಕ್ಕೆ ಎಳೆದುಕೊಂಡೆ. ಎದುರಿಗೆ ಬಸ್ಸು, ಎಡಕ್ಕೆ ಸೈಕಲ್ಲು ಅಂತ ಹೇಳುತ್ತಾ ಹೋದೆ. ಪಲ್ಲಡಂ ದಾಟಿತು.

"ಅಪ್ಪ, ಮುಂದೆ ನಾಯಿ."

ಬಲಗೈ ತಕ್ಷಣ ಗುಂಡಿಯನ್ನು ಇಳಿಸಿತು. ಅಪ್ಪ ತಲೆ ಓರೆ ಮಾಡಿ ಕಾದರು.

"ಎದ್ದು ಹೋಯ್ತಾ?"

"ಇರಿ ಅಪ್ಪ, ಈಗ ಏಳ್ತಾ ಇದೆ" ಅಂದೆ.