ಲಕ್ಕಯ್ಯನ ಎರಡು ಪೀಪಾಯಿ ನೀರು

ಅಣ್ಣಮ್ಮ ಲಕ್ಕಯ್ಯನನ್ನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಗೋಣಿಬೀಡಿನ ಹತ್ತಿರ ಪುಟ್ಟಸ್ವಾಮಿಗೌಡರ ಕಾಫಿತೋಟದ ಮನೆಯ ಹಿತ್ತಿಲ ಬಾಗಿಲಲ್ಲಿ. ಅವಳ ಗಂಡ ಮಲೇರಿಯಾ ಜ್ವರದಲ್ಲಿ ಹೋಗಿ ಆಗ ನಲವತ್ತು ದಿನ. ಕಂಕುಳಲ್ಲಿ ಮೂರು ವರ್ಷದ ಮಗಳು, ಕೈಯಲ್ಲಿ ಒಂದು ಗಂಟು. ಗೌಡರ ಅಡಿಗೆಮನೆಗೆ ಒಬ್ಬಳು ಬೇಕಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಂದಿದ್ದಳು.

ಲಕ್ಕಯ್ಯ ಆ ಮನೆಯ ಅಡಿಗೆಯವನು. ಉಗ್ರಾಣದ ಬೀಗದಕೈ ಯಾವಾಗಲೂ ಅವನ ಉಡಿದಾರದಲ್ಲಿ. ಅವನು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಎರಡು ಸೇರು ಅಕ್ಕಿ ಮುಂದಿಟ್ಟು, "ತೊಳಿ ನೋಡಾಣ" ಎಂದ.

ಅಣ್ಣಮ್ಮ ಎರಡು ಸಲ ತೊಳೆದು ಬಸಿದಳು.

"ಇನ್ನೊಂದ್ಸಲ. ಎರಡನೇ ನೀರಲ್ಲಿ ಬೆರಳು ಕಾಣ್ತದೆ, ಮೂರನೇ ನೀರಲ್ಲಿ ಉಗುರು ಕಾಣ್ಬೇಕು. ಈ ಮನೇಲಿ ಅಕ್ಕಿಗೆ ಮೂರು ನೀರು, ತಿಳೀತಾ ಮಾರಾಯ್ತಿ?"

ಅವಳು ಮತ್ತೆ ತೊಳೆದಳು. ನೀರಿಗೇನೂ ಬರವಿರಲಿಲ್ಲ. ಗುಡ್ಡದ ಒರತೆಯಿಂದ ಸೀಳಿದ ಅಡಿಕೆಮರದ ದಬ್ಬೆಯಲ್ಲಿ ಹರಿದು ಬಂದು ಹಿತ್ತಿಲ ಕಲ್ಲುಮರಿಗೆಗೆ ಹಗಲೂ ರಾತ್ರಿ ಬೀಳುತ್ತಿತ್ತು. ಅದನ್ನು ಯಾರೂ ಎಂದೂ ನಿಲ್ಲಿಸಿದವರಿಲ್ಲ. ಮೂರನೇ ನೀರಲ್ಲಿ ಉಗುರು ಕಂಡಿತು. ಸೌದೆ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಅವಳಿಗೂ ಮಗಳಿಗೂ ಕೊಟ್ಟರು.

ಲಕ್ಕಯ್ಯ ದೇವರಮನೆ ಎಂಬ ಊರಿನ ಕಡೆಯವನು. ಹನ್ನೆರಡನೇ ವಯಸ್ಸಿಗೆ ಈ ಮನೆಗೆ ಬಂದವನಿಗೆ ಆಗ ನಲವತ್ತು. ಅಡಿಗೆಯ ರುಚಿ ನೋಡುತ್ತಿರಲಿಲ್ಲ, ಏಳುವ ಹಬೆಗೆ ಮೂಗೊಡ್ಡಿ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಗೌಡ್ರ ಮನೆ ಒಲೇನ ಕಟ್ಕೊಂಡಿದ್ದೀನಲ್ಲ. ಅವ್ಳೊಬ್ಬಳು ಸಿಟ್ಟು ಮಾಡಿದ್ರೇ ತಡೆಯೋಕಾಗಲ್ಲ" ಎನ್ನುತ್ತಿದ್ದ. ಅಣ್ಣಮ್ಮ ಅವನನ್ನು ಲಕ್ಕಣ್ಣ ಎಂದು ಕರೆಯತೊಡಗಿದಳು.

ಮಾರನೇ ವರ್ಷ, ಅಂದರೆ ಇಪ್ಪತ್ತೆಂಟನೇ ಇಸವಿಯಲ್ಲಿ, ಗೌಡರಿಗೆ ಸಮುದ್ರದ ಹುಚ್ಚು ಹಿಡಿಯಿತು. ಪಕ್ಕದ ತೋಟದ ಬಿಳಿದೊರೆ ಪ್ರತಿ ವರ್ಷ ಹಣ್ಣು ಕೊಯ್ಲು ಮುಗಿಸಿ ಮಂಗಳೂರಿಗಿಳಿದು, ಹಾಯಿ ಕಟ್ಟಿಸಿ, ಒಂದು ವಾರ ಸಮುದ್ರದ ಮೇಲೆ ತಿರುಗಿ ಬರುತ್ತಿದ್ದ. "ಅವ್ನಿಗೇನು ಸಮುದ್ರನ ಅವ್ರಪ್ಪ ಬರ್ಕೊಟ್ಟಿದ್ನಾ? ನಾವೂ ಹೋಗಾಣ" ಎಂದರು ಗೌಡರು. ಗೋಣಿಬೀಡಿನ ಅಂಗಡಿ ಅಂಗಡಿಯಲ್ಲೂ ಹೇಳಿಕೊಂಡು ಬಂದರು. ಮಂಗಳೂರಿನಿಂದ ಬಡಗಲಿಗೆ ಹೋಗುವುದು. ಮಲ್ಪೆಯ ಎದುರಿನ ಹಳೇ ಕೋಟೆಯ ದ್ವೀಪ, ಕಂಬಗಲ್ಲಿನ ದ್ವೀಪ, ಭಟ್ಕಳ, ನೇತ್ರಾಣಿ ನೋಡಿಕೊಂಡು, ಕೊನೆಗೆ ಹೊನ್ನಾವರದ ಬಳಿ ಬಿದನೂರಿನ ಅರಸರು ನೀರ ನಡುವೆ ಕಟ್ಟಿಸಿದ ಬಸವರಾಜದುರ್ಗ. ಆ ದುರ್ಗದ ಮೇಲೆ ನಿಂತು ಬರಬೇಕೆಂಬುದು ಗೌಡರ ದೊಡ್ಡ ಆಸೆ.

ಗೌಡರ ಹೆಂಡತಿ ಭಾಗಮ್ಮನವರು ಒಂದೇ ಒಂದು ಮಾತು ಹೇಳಿದರು. "ಹೊರಗಿನವ್ರ ಕೈ ನೀರು ನಾನು ಕುಡಿಯಲ್ಲ. ನಮ್ಮ ನೀರು ನಮ್ ಜೊತೆ ಬಂದ್ರೆ ನಾನೂ ಬರ್ತೀನಿ."

ಹಾಗಾಗಿ ಮಂಗಳೂರಿನಲ್ಲಿ ಗೌಡರ ನೆಂಟರ ಮನೆ ಬಾವಿಯಿಂದ ಲಕ್ಕಯ್ಯನೂ ಅಣ್ಣಮ್ಮನೂ ಎರಡು ಪೀಪಾಯಿ ನೀರು ತುಂಬಿದರು. ಪೀಪಾಯಿಗೆ ಇಪ್ಪತ್ತೆರಡು ಕೊಡ. ಅದನ್ನು ಮಂಜಿಗೆ, ಅಂದರೆ ಸರಕು ಸಾಗಿಸುವ ದೊಡ್ಡ ಹಾಯಿದೋಣಿಗೆ, ಏರಿಸಿದರು. ಮಂಜಿ ನಡೆಸುವ ತಂಡೇಲನಿಗೂ ಅವನ ಆಳುಗಳಿಗೂ ಅವರದೇ ಮಣ್ಣಿನ ಹಂಡೆಗಳಿದ್ದವು.

"ಅಣ್ಣಮ್ಮ, ಇಲ್ಲಿ ದಬ್ಬೆ ನೀರಿಲ್ಲ" ಎಂದ ಲಕ್ಕಯ್ಯ. "ಅಕ್ಕಿಗೆ ಎರಡು ಉಪ್ಪುನೀರು, ಕೊನೇಗೆ ಒಂದೇ ಚೆಂಬು ಸಿಹಿನೀರು. ಪಾತ್ರೆಗೆ ಉಪ್ಪುನೀರೇ. ನಿನ್ನ ಕೈಕಾಲಿಗೂ ಅದೇ."

ಹೇಳಿದ ಒಂದು ಗಳಿಗೆಗೆ ಮಂಜಿ ಅಳಿವೆ ದಾಟಿತು. ಲಕ್ಕಯ್ಯ ಹೊಟ್ಟೆ ಹಿಡಿದುಕೊಂಡು ಹಾಯಿಯ ನೆರಳಿಗೆ ಬಿದ್ದ. ಗುಡ್ಡ ಹತ್ತಿ ಇಳಿದು ಗಟ್ಟಿಯಾದ ಮನುಷ್ಯ, ಅಲೆಗೆ ಸೋತುಹೋದ. ವಾಂತಿ ನಿಂತಾಗ ಕಣ್ಣು ಬಿಟ್ಟು, "ನೀರು ನಿನ್ನ ಕೈಲಿ, ನೋಡ್ಕೋ" ಎಂದ. ಮತ್ತೆ ನಾಲ್ಕು ದಿನ ಅವನು ಸರಿಯಾಗಿ ಏಳಲಿಲ್ಲ.

ಅಣ್ಣಮ್ಮ ಮೊದಲ ದಿನ ಹೇಳಿದಂತೆಯೇ ಮಾಡಲು ಹೋದಳು. ಸಮುದ್ರದಿಂದ ಎತ್ತಿದ ನೀರಿನಲ್ಲಿ ಮೀನಿನ ವಾಸನೆ. ಅಕ್ಕಿಯ ಮೇಲೆ ಲೋಳೆಯಂಥದೇನೋ ತೇಲಿತು. ಇದನ್ನು ಅಮ್ಮಾವ್ರಿಗೆ ಹೇಗೆ ಬಡಿಸುವುದು? ಅತ್ತಿತ್ತ ನೋಡಿ ಪೀಪಾಯಿಯ ಬಿರಡೆ ತಿರುವಿದಳು. ಸಿಹಿನೀರು ಬಂತು. ಒಂದು ಸಲ, ಎರಡು ಸಲ, ಮೂರನೇ ಸಲ ಉಗುರು ಕಾಣುವವರೆಗೆ ತೊಳೆದಳು. ತೊಳೆದ ನೀರನ್ನು ಸಮುದ್ರಕ್ಕೆ ಚೆಲ್ಲಿದಳು. ಪಾತ್ರೆಗಳು ಉಪ್ಪುನೀರಿಗೆ ಬಿಳಿಬಿಳಿಯಾದವು, ಅವನ್ನೂ ಸಿಹಿನೀರಲ್ಲಿ ಇನ್ನೊಮ್ಮೆ ತೊಳೆದಳು. ಎರಡನೇ ದಿನ ಅತ್ತಿತ್ತ ನೋಡಲೂ ಇಲ್ಲ. ನೀರು ಮುಗಿಯುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೂರನೇ ದಿನ ಕಂಬಗಲ್ಲಿನ ದ್ವೀಪ. ಯಾರೋ ಕಡಿದು ಜೋಡಿಸಿಟ್ಟ ಹಾಗೆ ಕರೀಕಲ್ಲಿನ ಕಂಬಗಳು. ಭಾಗಮ್ಮನವರು ಚಿಕ್ಕ ಹುಡುಗಿಯಂತೆ ಒಂದರಿಂದ ಇನ್ನೊಂದಕ್ಕೆ ಹತ್ತಿ ಕೂತು, ಕಾಫಿ ಕೇಳಿದರು. ಊಟಕ್ಕೆ ಕೂತಾಗ, "ಅನ್ನ ಮನೇಲಿದ್ದಂಗೇ ಇದೆ ಕಣೇ ಅಣ್ಣಮ್ಮ. ಕೈ ಅಂದ್ರೆ ಇದು" ಎಂದರು. ಅಷ್ಟು ದಿನದಲ್ಲಿ ಯಾರೂ ಅವಳಿಗೆ ಅಂಥ ಮಾತು ಹೇಳಿರಲಿಲ್ಲ. ಆ ಸಂಜೆ ಅವಳು ಇನ್ನೂ ಒಂದು ಚೆಂಬು ಹೆಚ್ಚಿಗೇ ಸುರಿದಳು.

ಐದನೇ ದಿನ, ಭಟ್ಕಳ ಬಿಟ್ಟು ನೇತ್ರಾಣಿಯ ಕಡೆಗೆ ಹೋಗುವಾಗ ಗಾಳಿ ಬಿತ್ತು. ಹಾಯಿ ಒಣಹಾಕಿದ ಬಟ್ಟೆಯಂತೆ ಜೋತುಬಿತ್ತು. ಅಲೆ ಇಳಿದಾಗ ಲಕ್ಕಯ್ಯ ಎದ್ದು ಬಂದ. ಬೆರಳು ಮಡಿಸಿ ಪೀಪಾಯಿಗೆ ಕುಟ್ಟಿದ. ಡಣ್ ಎಂದಿತು. ಇನ್ನೊಂದಕ್ಕೆ ಕುಟ್ಟಿದ. ಅದೂ ಡಣ್ ಎಂದಿತು. ಒಂದರ ತಳದಲ್ಲಿ ಎರಡು ಚೆಂಬಿನಷ್ಟಿತ್ತು, ಇನ್ನೊಂದರಲ್ಲಿ ಅದೂ ಇರಲಿಲ್ಲ. ಅವನು ಅಣ್ಣಮ್ಮನ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ.

"ನೀರು ಯಾರ ಸುಪರ್ದಿಲಿತ್ತೋ?" ಗೌಡರು ಗುಡುಗಿದರು.

ಅಣ್ಣಮ್ಮನಿಗೆ ಸೌದೆ ಕೊಟ್ಟಿಗೆಯ ಪಕ್ಕದ ಕೋಣೆ ಕಣ್ಣಿಗೆ ಬಂತು. ತೋಟದ ಹೆಂಗಸರ ಹತ್ತಿರ ಬಿಟ್ಟುಬಂದಿದ್ದ, ಅಲ್ಲಿ ಚಾಪೆಯ ಮೇಲೆ ಮಲಗುವ ಮಗಳು ಕಣ್ಣ ಮುಂದೆ ಬಂದಳು. ಬಾಯಿ ತೆರೆದಳು. ಸೆರಗಿನ ತುದಿಯನ್ನು ಹಲ್ಲಿಗೆ ಕಚ್ಚಿಕೊಂಡಳು.

"ನಂದೇ ಅಯ್ಯ" ಎಂದ ಲಕ್ಕಯ್ಯ. "ಹೊಟ್ಟೆ ತೊಳಸಿ ಬಿದ್ದಿದ್ನಲ್ಲ. ಎಷ್ಟು ಸಲ ಬಾಯಿ ಮುಕ್ಕಳಿಸಿದ್ನೋ, ಎಷ್ಟು ಸಲ ತಲೆಗೆ ಹುಯ್ಕೊಂಡ್ನೋ, ಜ್ಞಾನ ಇರ್ಲಿಲ್ಲ."

"ಎರಡು ಪೀಪಾಯಿ ಬಾಯಿ ಮುಕ್ಕಳಿಸಿದ್ಯೇನೋ? ನೀನೇನು ಆನೆನಾ?"

"ತಪ್ಪಾಯ್ತು ಅಯ್ಯ."

ಗಾಳಿ ಮಾರನೇ ದಿನವೂ ಬರಲಿಲ್ಲ. ಉಳಿದ ಎರಡು ಚೆಂಬು ಬೆಳಿಗ್ಗೆಗೇ ಮುಗಿಯಿತು. ಗೌಡರು ತಂಡೇಲನ ಹಂಡೆಯ ನೀರು ಕುಡಿದರು, ಭಾಗಮ್ಮನವರು ಕುಡಿಯಲಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಅವರ ತುಟಿ ಸೀಳಿ ರಕ್ತ ಬಂತು. ತಂಡೇಲ ಒಂದು ಗಡಿಗೆ ತಂದು ಅವರ ಮುಂದಿಟ್ಟ. "ನೀರುಂಟು ಅಮ್ಮಾ. ನಾನು ನೋಡುದಿಲ್ಲ" ಎಂದು ಹೇಳಿ ಸಮುದ್ರದ ಕಡೆಗೆ ತಿರುಗಿ ನಿಂತ. ಅವರು ಕುಡಿದರು. ಕುಡಿದಾದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಕೂತರು. ನಲವತ್ತೈದು ವರ್ಷ ಕಾಯ್ದುಕೊಂಡ ಮಡಿ ಅದು. ಆ ಮುಚ್ಚಿದ ಮುಖವನ್ನು ಅಣ್ಣಮ್ಮ ಆಯುಷ್ಯದಲ್ಲಿ ಮರೆಯಲಿಲ್ಲ.

ಸಂಜೆ ಗಾಳಿ ಎದ್ದಿತು. ಬಸವರಾಜದುರ್ಗ ಬೇಡ, ದಡಕ್ಕೆ ತಿರುಗಿಸು ಎಂದರು ಗೌಡರು. ಸುದ್ದಿ ಅವರಿಗಿಂತ ಮೊದಲೇ ಘಾಟಿ ಹತ್ತಿರಬೇಕು. ಗೋಣಿಬೀಡಿನಲ್ಲಿ ಇಳಿಯುತ್ತಿದ್ದಂತೆ ಅಂಗಡಿಯ ಶೇಷಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ, "ಏನ್ ಗೌಡ್ರೇ, ಅಷ್ಟು ದೊಡ್ಡ ಸಮುದ್ರ ನಿಮ್ಗೆ ಸಾಕಾಗ್ಲಿಲ್ವಂತೆ?"

ಗೌಡರು ಮನೆಗೆ ಬಂದವರೇ ಲಕ್ಕಯ್ಯನ ಉಡಿದಾರದಿಂದ ಬೀಗದಕೈ ಬಿಚ್ಚಿಸಿದರು. ಭಾಗಮ್ಮನವರು ಅದನ್ನು ಅಣ್ಣಮ್ಮನ ಕೈಗೆ ಹಾಕಿ, "ಇನ್ಮೇಲೆ ನೀನೇ ನೋಡ್ಕೋ" ಎಂದರು. ಅವಳು ತೆಗೆದುಕೊಂಡಳು. ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಲಕ್ಕಯ್ಯನನ್ನು ಕಣಕ್ಕೆ ಹಾಕಿದರು. ಬಿಸಿಲಿನಲ್ಲಿ ಕಾಫಿ ಹರವುವುದು, ಕಾಲಾಡಿಸಿ ತಿರುವುವುದು, ಮೋಡ ಕಂಡರೆ ರಾಶಿ ಮಾಡುವುದು. ಹದಿನೆಂಟು ವರ್ಷ ಅದೇ ಕೆಲಸ. ಅಡಿಗೆಮನೆಯ ಹೊಸಿಲು ಅವನು ಮತ್ತೆ ದಾಟಲಿಲ್ಲ. ಮಧ್ಯಾಹ್ನ ಹಿತ್ತಿಲ ಜಗುಲಿಗೆ ಬಂದು ಕೂರುತ್ತಿದ್ದ, ಅಣ್ಣಮ್ಮ ಬಡಿಸುತ್ತಿದ್ದಳು. ಅವನು ಹಬೆಗೆ ಮೂಗೊಡ್ಡಿ, "ಇವತ್ತು ಉಪ್ಪು ಒಂದು ಹರಳು ಮುಂದೆ ಹೋಗಿದೆ ಮಾರಾಯ್ತಿ" ಎನ್ನುತ್ತಿದ್ದ. ಇವತ್ತು ಹೇಳುತ್ತೇನೆ ಎಂದು ಅವಳು ಪ್ರತಿದಿನ ಅಂದುಕೊಳ್ಳುವಳು. ಮಗಳಿಗೆ ಮದುವೆಯಾಗಲಿ, ಆಮೇಲೆ ಗೌಡರ ಮುಂದೆಯೇ ಹೇಳುತ್ತೇನೆ ಎಂದುಕೊಂಡಳು. ಮಗಳಿಗೆ ಮದುವೆಯಾಯಿತು. ಗೌಡರು ತೀರಿಕೊಂಡರು. ಅವಳು ಹೇಳಲಿಲ್ಲ. ಕಣದಲ್ಲಿ ಅವನ ಅಂಗಾಲು ಬಿರುಕು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಮಾತ್ರ ದಿನವೂ ನೋಡುತ್ತಿದ್ದಳು.

ನಲವತ್ತಾರನೇ ಇಸವಿಯ ಆಷಾಢದಲ್ಲಿ ಲಕ್ಕಯ್ಯ ಮಲಗಿದ. ಅಣ್ಣಮ್ಮ ಕೂಲಿಯಾಳುಗಳ ಸಾಲುಮನೆಯಲ್ಲಿದ್ದ ಅವನ ಕೋಣೆಗೆ ಗಂಜಿ ತೆಗೆದುಕೊಂಡು ಹೋದಳು. ತಲೆಯ ಹತ್ತಿರ ಕೂತು ಎರಡು ಚಮಚ ಕುಡಿಸಿದಳು. ಮೂರನೆಯದು ಕೈಯಲ್ಲೇ ನಿಂತಿತು.

"ಲಕ್ಕಣ್ಣ, ಆವತ್ತು ಮಂಜಿಲಿ..." ಎಂದಳು.

ಲಕ್ಕಯ್ಯ ಗಂಜಿಯ ಹಬೆಯ ಕಡೆಗೆ ಮುಖ ತಿರುಗಿಸಿದ. ಅದರಲ್ಲಿ ತೇಲುತ್ತಿದ್ದ ಬಿಳೀ ಅಗುಳನ್ನು ಸ್ವಲ್ಪ ಹೊತ್ತು ನೋಡಿದ. ಮೀಸೆಯ ತುದಿಯಲ್ಲಿ ಹಳೆಯ ನಗು ಬಂದಂತಾಯಿತು.

"ಈಗ್ಲೂ ಅಕ್ಕೀನ ಮೂರು ನೀರಲ್ಲೇ ತೊಳಿತೀಯೇನೇ ಅಣ್ಣಮ್ಮ?" ಎಂದು ಕೇಳಿದ.